ಕಚ್ಚದ ಹಾವುಮೀನು

ಶಿವಪ್ರಕಾಶನ ಬಲಗೈಯಲ್ಲಿ ಕಚ್ಚಿದ ಗುರುತು ಇರಲಿಲ್ಲ.

ಮಾದಾಪುರದ ಎಸ್ಟೇಟ್ ಮನೆಯ ಪಡಸಾಲೆಯಲ್ಲಿ, ಉಪ್ಪುನೀರಿನ ಗಾಜಿನ ತೊಟ್ಟಿಯ ಬುಡದಲ್ಲಿ ಅವನು ಸತ್ತು ಬಿದ್ದಿದ್ದ. ತೋಳು ಮೊಣಕೈವರೆಗೆ ಒದ್ದೆ. ತೊಟ್ಟಿಯೊಳಗೆ ತೋಳುಗಾತ್ರದ ಕಡಲ ಹಾವುಮೀನು ಕಲ್ಲುಸಂದಿಯಿಂದ ತಲೆ ಹೊರಗೆ ಹಾಕಿ, ಬಾಯಿ ತೆರೆದು ಮುಚ್ಚುತ್ತಿತ್ತು.

"ಅದು ಕಚ್ಚಲೇಬೇಕಂತಿಲ್ಲ ಮೇಡಂ," ಎಂದು ಎಸ್.ಐ. ನಿಶ್ಮಿತಾಳಿಗೆ ಹೇಳಿದ ತೇಜಸ್, ಸತ್ತವನ ಅಣ್ಣನ ಮಗ. "ಕರೆಂಟ್ ಹೊಡೀತದೆ. ಮೊಬೈಲಲ್ಲಿ ನೋಡಿದೀನಿ, ಮೊಸಳೇನೂ ಕೊಲ್ತದೆ. ಗೊತ್ತಿದ್ದೇ ತಂದವ್ರೆ ನಮ್ಮ ಚಿಕ್ಕಮ್ಮ."

ಚಿಕ್ಕಮ್ಮ ದಿವ್ಯಶ್ರೀ ತಲೆಯೆತ್ತಲಿಲ್ಲ. ಗಂಡನ ಆಸೆಗೆ ಮೀನು ತರಿಸಿದವಳು ಅವಳೇ. ಅಂಗಳದಲ್ಲಿ ನೆಂಟರು ಆಗಲೇ ಅವಳನ್ನು ಗಂಡನ್ನ ತಿಂದವಳು ಎನ್ನುತ್ತಿದ್ದರು.

*

ಶವಪರೀಕ್ಷೆಯಲ್ಲಿ ಬೆರಳ ತುದಿಯ ಸುಟ್ಟ ಕಲೆ ಸಿಕ್ಕಿತು. ಸಾವು ಕರೆಂಟಿನಿಂದಲೇ.

ನಿಶ್ಮಿತಾಳಿಗೆ ಸಂಜೆಯೊಳಗೆ ದಿವ್ಯಶ್ರೀಯನ್ನು ಬಂಧಿಸಿ ಎಂದು ಮೇಲಿನವರ ಫೋನು ಬಂದಿತ್ತು. ಅವಳು ಮೀನು ಮಾರಿದವನಿಗೆ ಫೋನು ಮಾಡಿದಳು. ಅವನು ನಕ್ಕುಬಿಟ್ಟ.

*

"ಕಲ್ಲೇಶಪ್ಪ, ಮೇನ್ ಆಫ್ ಮಾಡ್ರಿ."

"ಕೈ ಹಾಕ್ತೀರಾ ಮೇಡಂ?" ಎಂದ ಪೇದೆ ಕಲ್ಲೇಶಪ್ಪ. "ನನ್ನ ಕೇಳ್ಬೇಡಿ. ಉಣ್ಣೋದು ಈ ಕೈಲೇ."

ನಿಶ್ಮಿತಾ ತೊಟ್ಟಿಯೊಳಗೆ ಕೈ ಇಳಿಬಿಟ್ಟಳು. ಹಾವುಮೀನು ಸಂದಿಯಿಂದ ಜಾರಿ ಬಂತು. ಅದರ ಲೋಳೆ ಮೈ ಮಣಿಕಟ್ಟು ಸವರಿಕೊಂಡು ಹೋಯಿತು. ಅವಳು ನೀರು ಬೆಚ್ಚಗಿಡುವ ಹೀಟರ್ ಎತ್ತಿದಳು. ಒಳಗಿನ ಕಲ್ಲು, ಪೈಪು ಎಲ್ಲಕ್ಕೂ ಪಾಚಿ ಹತ್ತಿತ್ತು. ಹೀಟರ್ ಮಾತ್ರ ಪಳಪಳ.

ಹಳೆಯದು ಮನೆಯ ಹಿಂದೆ ಕಾಫಿ ಸಿಪ್ಪೆಯ ರಾಶಿಯಲ್ಲಿ ಸಿಕ್ಕಿತು. ವೈರು ಸುಲಿದಿತ್ತು.

"ಕರೆಂಟ್ ಹೊಡೆಯೋದು ಬೇರೆ ಮೀನು ತೇಜಸ್," ಎಂದಳು ನಿಶ್ಮಿತಾ. "ಅದು ಸಿಹಿನೀರಿಂದು. ಇದಕ್ಕೆ ಗೊತ್ತಿರೋದು ಕಚ್ಚೋದೊಂದೇ. ಡಾಕ್ಟರು ಹೇಳೋಕೆ ಮೊದಲೇ ನಿನ್ನ ಬಾಯಲ್ಲಿ ಕರೆಂಟ್ ಹೇಗೆ ಬಂತು? ವೈರು ಸುಲಿದೆ. ಚಿಕ್ಕಪ್ಪ ಮೀನಿಗೆ ತಿನ್ನಿಸೋಕೆ ಕೈ ಹಾಕಿದ್ರು. ನೆಲದ ಮೇಲೆ ನಿಂತೋರಿಗೆ ಹೊಡೀತು, ನೀರಲ್ಲೇ ಇರೋ ಮೀನಿಗಲ್ಲ. ಆಮೇಲೆ ಹೊಸ ಹೀಟರ್ ಇಳಿಸಿದೆ. ಚಿಕ್ಕಮ್ಮ ಜೈಲಿಗೆ ಹೋದ್ರೆ ತೋಟ ಪೂರ್ತಿ ನಿಂದು."

ದಿವ್ಯಶ್ರೀ ಮೊದಲ ಸಲ ಬಾಯಿ ತೆರೆದಳು. "ಮುಂದಿನ ವಾರ ಮಗು ದತ್ತು ತಗೊಳ್ಳೋರಿದ್ವಿ. ಅದಕ್ಕೇನೋ?"

"ತೋಟದಲ್ಲಿ ದುಡಿದೋನು ನಾನು," ಎಂದ ತೇಜಸ್. "ಯಾರ್ದೋ ಮಗೂಗೆ ಬಿಡ್ಬೇಕಿತ್ತಾ?"

*

ಹೀಟರ್ ಎರಡನ್ನೂ ಸಾಕ್ಷ್ಯವೆಂದು ಜೀಪಿಗೆ ಹಾಕಿದರು. ತೊಟ್ಟಿಗೆ ಇನ್ನೊಂದು ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮಾದಾಪುರದ ಚಳಿಗೆ ಹಾವುಮೀನು ಹೊಟ್ಟೆ ಮೇಲಾಗಿ ತೇಲಿತು. ವಿಚಾರಣೆ ಮುಗಿಯುವ ತನಕ ದತ್ತು ಕೊಡಲಾಗದು ಎಂದರು ಅಧಿಕಾರಿಗಳು.

ದಿವ್ಯಶ್ರೀ ಕಳೆದುಕೊಂಡದ್ದು: ಗಂಡ, ಗಂಡನ ಅಣ್ಣನ ಮಗ, ಮೀನು. ಮಗುವನ್ನೂ ಸೇರಿಸಿದರೆ ನಾಲ್ಕು.