ಚಂದ್ರನ ಕಿಟಕಿಯ ರಾಣಿ, ಜಾರುವ ದುರ್ಬೀನು

ಬಹಳ ಬಹಳ ಹಿಂದೆ, ಬೆಳ್ಳಿಗುಡ್ಡವೆಂಬ ರಾಜ್ಯದಲ್ಲಿ ಮಲ್ಲರಸನೆಂಬ ರಾಜನೂ ಪದುಮಲೆಯೆಂಬ ರಾಣಿಯೂ ಇದ್ದರು. ಇಬ್ಬರಿಗೂ ತಲೆ ನರೆತಿತ್ತು, ಪ್ರೀತಿ ಮಾತ್ರ ನರೆತಿರಲಿಲ್ಲ.

ಒಂದು ದಿನ ಧೂಮಾಂಗನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದು ಬಾಯಿಂದ ಬೆಂಕಿ ಉಗುಳಿ ತೋರಿಸಿದ. ಎಲ್ಲರೂ ಭೇಷ್ ಎಂದರು. ರಾಣಿ ಮಾತ್ರ, "ಚೆನ್ನಾಗಿದೆಯಪ್ಪ, ಆದರೆ ನಿನ್ನ ಗಡ್ಡ ಸುಡ್ತಿದೆ, ನೋಡಿಕೋ" ಎಂದಳು. ಸಭೆಯೆಲ್ಲ ನಕ್ಕಿತು. ಮಾಂತ್ರಿಕನಿಗೆ ಮೈಯೆಲ್ಲ ಉರಿಯಿತು. ಅವನು ರಾಣಿಯನ್ನು ಎತ್ತಿಕೊಂಡು ಹೋಗಿ ಚಂದ್ರನಲ್ಲಿ ಕೂಡಿಹಾಕಿದ.

"ಪ್ರತಿ ಹುಣ್ಣಿಮೆಯ ಸಂಜೆ ಇವಳು ಚಂದ್ರನ ಕಿಟಕಿಗೆ ಬಂದು ಒಂದು ಮಾತು ಆಡುತ್ತಾಳೆ. ಅದೇ ಮಾತನ್ನು ನೀನು ತಿರುಗಿ ಹೇಳಿದರೆ ಬಿಡುಗಡೆ. ಮೂವತ್ತಾರು ಹುಣ್ಣಿಮೆಯೊಳಗೆ ಹೇಳದಿದ್ದರೆ ಇವಳು ಅಲ್ಲೇ ಕಲ್ಲಾಗುತ್ತಾಳೆ" ಎಂದು ರಾಜನಿಗೆ ಶಾಪ ಹಾಕಿದ.

ಅಷ್ಟು ದೂರದ ಮಾತು ಕೇಳುವುದೆಲ್ಲಿ? ತುಟಿ ನೋಡಿಯೇ ತಿಳಿಯಬೇಕು. ರಾಜ ಮಾಳಿಗೆಯ ಮೇಲೆ ಹಿತ್ತಾಳೆಯ ದೊಡ್ಡ ದುರ್ಬೀನು ಇಡಿಸಿದ. ಅದರ ತುದಿಯಲ್ಲಿ ಕಣ್ಣಿಡುವ ಚಿಕ್ಕ ನಳಿಗೆ. ಅದನ್ನು ಹಿಂದೆ ಮುಂದೆ ಸರಿಸಿದರೆ ರಾಣಿಯ ಮುಖ ತಿಳಿಯಾಗಿ ಕಾಣಬೇಕು. ಆದರೆ ಮುಖ ತಿಳಿಯಾಗುವಷ್ಟರಲ್ಲಿ ನಳಿಗೆ ಸೊರ್ರನೆ ಜಾರುತ್ತಿತ್ತು, ರಾಣಿ ಮಬ್ಬಾಗುತ್ತಿದ್ದಳು. ಅವಳು ಆಡುತ್ತಿರುವುದು ವಿರಹದ ಶ್ಲೋಕವೇ ಇರಬೇಕೆಂದು ಪಂಡಿತರು ಹೇಳಿದರು. ರಾಜ ನೂರು ಶ್ಲೋಕ ಹೇಳಿ ನೋಡಿದ. ಚಂದ್ರ ಮಿಸುಕಲಿಲ್ಲ. ಹೀಗೆ ಮೂವತ್ತೈದು ಹುಣ್ಣಿಮೆಗಳು ಕಳೆದವು.

ಕೊನೆಗೆ ತಂಬೂರಿ ಮಾಡುವ ದೇಮವ್ವನೆಂಬ ಹುಡುಗಿ ಬಂದಳು. ನಳಿಗೆಯನ್ನು ಮುಟ್ಟಿ ಬೆರಳು ಮೂಸಿದಳು.

"ದೊರೆಗಳೆ, ಇದಕ್ಕೆ ಎಳ್ಳೆಣ್ಣೆ ಹಚ್ಚಿದವರು ಯಾರು?"

"ನಾನೇ," ಎಂದ ರಾಜ. "ಪ್ರತಿ ಹುಣ್ಣಿಮೆಗೂ ಅಭ್ಯಂಜನ ಮಾಡಿಸುತ್ತೇನೆ. ಅವಳ ಮುಖ ತೋರಿಸುವುದು ಇದೊಂದೇ ಅಲ್ಲವೇನವ್ವ?"

ಅಭ್ಯಂಜನವಿಲ್ಲದೆ ಬೆಳ್ಳಿಗುಡ್ಡದಲ್ಲಿ ಯಾವ ಶುಭಕಾರ್ಯವೂ ನಡೆಯುತ್ತಿರಲಿಲ್ಲ. ಮದುಮಗನಿಗೂ ಎಣ್ಣೆ, ಮಗುವಿಗೂ ಎಣ್ಣೆ, ಪಟ್ಟದಾನೆಗೂ ಎಣ್ಣೆ. ದೇಮವ್ವನಿಗೆ ನಗುವೂ ಬಂತು, ಮರುಕವೂ ಬಂತು.

"ತಂಬೂರಿಯ ಬಿರಡೆಗೆ ಎಣ್ಣೆ ಸೋಕಿದರೆ ತಂತಿ ಬಿಗಿ ನಿಲ್ಲುವುದಿಲ್ಲ ದೊರೆಗಳೆ. ಇದೂ ಹಾಗೇ. ಜಿಡ್ಡು ತೊಳೆಯಬೇಕು, ಸುಣ್ಣದ ಪುಡಿ ಉಜ್ಜಬೇಕು, ಸಂದಿಗೆ ರೇಷ್ಮೆಯ ಪಟ್ಟಿ ಸುತ್ತಬೇಕು. ಆದರೆ ಮೂರು ವರ್ಷದ ಜಿಡ್ಡಿಗೆ ನಮ್ಮೂರಿನ ಸಾಮಾನು ಸಾಲದು. ಮೂರಕ್ಕೂ ಆ ಧೂಮಾಂಗ ಇರುವ ಮಾಯದ ಕಾಡಿಗೇ ಹೋಗಬೇಕು."

ದೇಮವ್ವ ಹೊರಟಳು. ಕಾಡಿನ ಬಾಗಿಲಲ್ಲಿ ಒಂದು ಹೆಣ್ಣು ಕರಡಿ ಅಂಟುವಾಳದ ಮರ ಕಾಯುತ್ತಿತ್ತು. "ಕಾಯಿ ಕಿತ್ತರೆ ಸೀಳಿಬಿಡುತ್ತೇನೆ. ಯಾರಿಗೆ ಬೇಕು ಇದು?" ಎಂದು ಗುರುಗುಟ್ಟಿತು.

"ಹೆಂಡತಿ ಏನು ಹೇಳುತ್ತಾಳೆಂದು ತಿಳಿಯಬೇಕೆನ್ನುವ ಒಬ್ಬ ಗಂಡನಿಗೆ," ಎಂದಳು ದೇಮವ್ವ.

ಕರಡಿ ತಲೆ ಕೆರೆದುಕೊಂಡಿತು. "ಅಂಥ ಗಂಡನೂ ಇದ್ದಾನೆಯೇ? ತಗೊಂಡು ಹೋಗು" ಎಂದು ಮರ ಅಲ್ಲಾಡಿಸಿತು.

ಮುಂದೆ ಸುಣ್ಣಕಲ್ಲಿನ ಮಡುವಿನಲ್ಲಿ ಬಿಳಿಯ ಹೆಣ್ಣು ಮೊಸಳೆ ಬಾಯಿ ತೆರೆದು ಕೂತಿತ್ತು. ಅದೂ ಅದನ್ನೇ ಕೇಳಿತು, ದೇಮವ್ವ ಅದನ್ನೇ ಹೇಳಿದಳು. "ಅಂಥ ಗಂಡನೂ ಇದ್ದಾನೆಯೇ?" ಎಂದು ಮೊಸಳೆ ಬಾಯಿ ಮುಚ್ಚಿ, ಸುಣ್ಣಕಲ್ಲು ತೆಗೆದುಕೊಳ್ಳಲು ದಾರಿ ಬಿಟ್ಟಿತು.

ಕಾಡಿನ ನಡುವೆ ಎಮ್ಮೆಯಷ್ಟು ದೊಡ್ಡ ಹೆಣ್ಣು ಜೇಡ ರೇಷ್ಮೆ ನೇಯುತ್ತಿತ್ತು. ದೇಮವ್ವನ ಉತ್ತರ ಕೇಳಿ ಅದು ನೇಯುವುದನ್ನು ನಿಲ್ಲಿಸಿತು. "ನನ್ನ ಗಂಡನನ್ನು ನಾನು ತಿಂದುಬಿಟ್ಟೆ," ಎಂದಿತು. "ಇಂಥವನಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ." ಎಂಟು ಕಾಲಿನಿಂದಲೂ ಅಳತೆ ಮಾಡಿ ಒಂದು ಪಟ್ಟಿ ಕತ್ತರಿಸಿಕೊಟ್ಟಿತು.

ಮೂವತ್ತಾರನೆಯ ಹುಣ್ಣಿಮೆಯ ಸಂಜೆ. ದೇಮವ್ವ ನಳಿಗೆಯನ್ನು ಬಿಚ್ಚಿ ತೊಳೆದಳು, ಒರೆಸಿ ಪುಡಿ ಉಜ್ಜಿದಳು, ರೇಷ್ಮೆ ಸುತ್ತಿ ಮೆಲ್ಲಗೆ ತಿರುವುತ್ತ ಒಳಗೆ ಕೂರಿಸಿದಳು. ಚಂದ್ರ ಮೂಡಿದ. ರಾಜ ಕಣ್ಣಿಟ್ಟು ನಳಿಗೆ ಸರಿಸಿದ. ಅದು ನಿಲ್ಲಿಸಿದಲ್ಲೇ ನಿಂತಿತು. ಮೂರು ವರ್ಷದ ಮೇಲೆ ಪದುಮಲೆಯ ಮುಖ ಕಂಡು ಅವನ ಕಣ್ಣು ತುಂಬಿತು. ಒರೆಸಿಕೊಂಡು ಮತ್ತೆ ನೋಡಿದ. ಅವಳ ತುಟಿ ಆಡುತ್ತಿತ್ತು. ಅದು ಶ್ಲೋಕವಾಗಿರಲಿಲ್ಲ. ರಾಜ ಒಂದೊಂದೇ ಪದ ಕೂಡಿಸಿ ಗಟ್ಟಿಯಾಗಿ ಹೇಳಿದ:

"ಇಬ್ಬನಿ ಬೀಳ್ತಿದೆ, ತಲೆಗೆ ಏನಾದರೂ ಸುತ್ತಿಕೊಳ್ಳಿ."

ಚಂದ್ರನ ಕಿಟಕಿ ತೆರೆಯಿತು. ಕಾಡಿನಲ್ಲಿ ಧೂಮಾಂಗ ಹೊಗೆಯಾಗಿ ಚದುರಿಹೋದ. ಪದುಮಲೆ ಬೆಳದಿಂಗಳ ಮೇಲೆ ಮೆಟ್ಟಿಲಿಳಿದ ಹಾಗೆ ಇಳಿದು ಬಂದು, ಮೊದಲು ಗಂಡನ ಕಿವಿ ಮುಟ್ಟಿ ನೋಡಿದಳು. ಮಂಜಿನಷ್ಟು ತಣ್ಣಗಿತ್ತು.

"ಮೂವತ್ತಾರು ಸಲ ಹೇಳಿದೆ," ಎಂದಳು.

"ಕಾಣಿಸಲಿಲ್ಲ ಕಣೇ," ಎಂದ ರಾಜ.

"ಈಗ ಕಾಣಿಸಿತಲ್ಲ, ನಡೆಯಿರಿ ಒಳಗೆ" ಎಂದು ತನ್ನ ಸೆರಗನ್ನೇ ಅವನ ತಲೆಗೆ ಹೊದಿಸಿದಳು. ಒಂದೇ ಸೆರಗಿನಡಿ ಇಬ್ಬರೂ ಮೆಟ್ಟಿಲಿಳಿದರು. ಆಮೇಲೆ ಬಹುಕಾಲ ಸುಖವಾಗಿ ಬಾಳಿದರು. ರಾಣಿ ಹೇಳುತ್ತಲೇ ಇದ್ದಳು, ರಾಜ ಕೇಳುತ್ತಲೇ ಇದ್ದ.