ಊದಿದ ಮೇಲೆ ಮಾತು

"ಊದಿ."

ಅವಳು ಅವನಿಗೆ ಹೇಳಿದ ಮೊದಲ ಮಾತೇ ಅದು.

ಬಹುಮಹಡಿ ಕಟ್ಟಡ ಏಳುತ್ತಿದ್ದ ಆ ಜಾಗದಲ್ಲಿ ಅವಳು ಸೇಫ್ಟಿ ಆಫೀಸರ್. ಅವನು ಕ್ರೇನ್ ಓಡಿಸುವವನು. ಅಷ್ಟೆತ್ತರದಲ್ಲಿ ಕೂರುತ್ತಾನೆಂದು ಕೆಲಸದವರೆಲ್ಲ ಅವನನ್ನು ಗರುಡ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಅವಳ ಕೈಯ ಮೀಟರಿಗೆ ಊದಬೇಕು, ಸೊನ್ನೆ ಬಂದರಷ್ಟೇ ಏಣಿ ಹತ್ತಬೇಕು. ಕುಡಿದವನ ಕೈಗೆ ಕ್ರೇನ್ ಕೊಟ್ಟರೆ ಕೆಳಗಿದ್ದವರ ಗತಿ ಏನು ಹೇಳಿ!

"ಕುಡಿದು ಬಂದೋನ ಥರ ಕಾಣ್ತೀನಾ ಮೇಡಂ?"

"ಕಂಡಿದ್ದನ್ನೇ ನಂಬೋ ಹಾಗಿದ್ರೆ ಮೀಟರ್ ಯಾಕೆ?"

ಅವನು ನಕ್ಕು ಊದಿದ. ಸೊನ್ನೆ. ಅವಳ ಎದೆಬಡಿತ ಅಳೆಯುವ ಮೀಟರ್ ಯಾರ ಕೈಯಲ್ಲೂ ಇರಲಿಲ್ಲ, ಪುಣ್ಯ.

ನಗು ಮಾತಾಯಿತು, ಮಾತು ಪ್ರೀತಿಯಾಯಿತು. ಮದುವೆಯೂ ಗೊತ್ತಾಯಿತು.

ಆಮೇಲೆ, ಒಂದು ರಜೆ ಮುಗಿಸಿ ಬಂದವನು ದೂರ ಸರಿಯತೊಡಗಿದ.

ಕೈ ಹಿಡಿಯಲು ಹೋದರೆ ಜೇಬಿಗೆ ಕೈ ಹಾಕುತ್ತಿದ್ದ. ಪಕ್ಕ ಕೂತರೆ ಏನೋ ನೆಪ ಹೇಳಿ ಏಳುತ್ತಿದ್ದ. 'ನಾನು ಬೇಡವಾದೆನಾ...' ಅವಳಿಗೆ ಊಟ ಸೇರಲಿಲ್ಲ.

"ಮದುವೆ ಹತ್ರ ಬಂದ್ರೆ ಗಂಡಸ್ರಿಗೆ ಕೈಕಾಲು ನಡುಗುತ್ತೆ ಕಣೇ," ಎಂದಳು ಅಕ್ಕ. "ಹಿಡ್ಕೊಂಡು ಕೇಳು."

ಮಧ್ಯಾಹ್ನ ಸಾಮಾನಿನ ಶೆಡ್ಡಿನಲ್ಲಿ ಹಿಡಿದು ಕೇಳಿಯೇಬಿಟ್ಟಳು.

ಅವನು ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ.

"ರಜೆಯಲ್ಲಿ ಗೆಳೆಯನ ಪಾರ್ಟಿಗೆ ಹೋಗಿದ್ನಲ್ಲ... ಅಲ್ಲಿ ತುಂಬಾ ಕುಡಿದೆ. ಒಬ್ಬಳು ಪರಿಚಯ ಆದ್ಲು. ಅವಳೂ ಕುಡಿದಿದ್ಲು. ಅವತ್ತು ಅವಳ ಜೊತೆ ಮಲಗಿದೆ."

ಅವಳು ಶೆಡ್ಡಿನ ಬಾಗಿಲು ಮುಂದಕ್ಕೆ ಹಾಕಿದಳು.

"ಕಾಂಡೋಮ್?"

ಅವನು ತಲೆ ತಗ್ಗಿಸಿದ. "ಕೆಳಗೇ ಮೆಡಿಕಲ್ ಶಾಪ್ ಇತ್ತು. ಇಳಿದು ಹೋಗೋಷ್ಟು ಬುದ್ಧಿನೂ ಇರಲಿಲ್ಲ. ಆ ಹೊತ್ತಿಗೆ ಏನೂ ಆಗಲ್ಲ ಅನ್ಸಿತ್ತು."

"ಕುಡಿದು ಒಂದು ಇಟ್ಟಿಗೆ ಎತ್ತಲ್ಲ ನೀನು. ಇದನ್ನ ಹೇಗೆ ಮಾಡ್ದೆ? ತಪ್ಪನ್ನ ಎಣ್ಣೆ ಮೇಲೆ ಹಾಕ್ಬೇಡ."

"ಹಾಕ್ತಿಲ್ಲ. ಗ್ಲಾಸ್ ಎತ್ತಿದ ಕೈ ನಂದೇ."

"ರಜೆ ಮುಗಿಸಿ ಬಂದು ನನ್ನೆದುರಿಗೇ ಊದಿದೆಯಲ್ಲ?"

"ಸೊನ್ನೆ ಬಂತು. ನೀನು ನಕ್ಕು ಒಳಗೆ ಬಿಟ್ಟೆ. ಎಲ್ಲಾ ತೊಳೆದು ಹೋಯ್ತು ಅಂದ್ಕೊಂಡೆ... ಏಣಿ ಹತ್ತುವಾಗ ಭಯ ಶುರುವಾಯ್ತು. ರಕ್ತ ಪರೀಕ್ಷೆ ಮಾಡಿಸ್ದೆ. ಏನೂ ಇಲ್ಲ ಅಂದ್ರು. ಆದ್ರೆ ಸೋಂಕು ಕೂಡಲೇ ಕಾಣಲ್ವಂತೆ, ಇನ್ನೊಂದ್ಸಲ ಬರೋಕೆ ಹೇಳಿದಾರೆ."

"ಅದಕ್ಕೆ ನನ್ನ ಮುಟ್ಟುತ್ತಿರಲಿಲ್ವಾ?"

"ಕೈ ಹಿಡಿದ್ರೆ ಏನೂ ಅಂಟಲ್ಲ ಅಂದ್ರು ಡಾಕ್ಟರ್. ಹಿಡಿಯೋಕೆ ಮುಖ ಇರಲಿಲ್ಲ."

ಅಂದರೆ ತಾನೇ ಮೀಟರ್ ಹಿಡಿದು, ತಾನೇ ನಕ್ಕು, ಮೋಸವನ್ನು ಗೇಟಿನೊಳಗೆ ಬಿಟ್ಟುಕೊಂಡಿದ್ದಳು. ಆ ನಗು ನೆನೆದೇ ಅವಳಿಗೆ ಹೆಚ್ಚು ಅಳು ಬಂತು. ಬೆರಳಿನ ನಿಶ್ಚಿತಾರ್ಥದ ಉಂಗುರ ತೆಗೆದು ಅವನ ಹೆಲ್ಮೆಟ್ಟಿನೊಳಗೆ ಹಾಕಿ ಹೊರಟುಹೋದಳು.

ಆದರೆ ಕೆಲಸ ಬಿಡುವ ಹಾಗಿರಲಿಲ್ಲವಲ್ಲ. ಬೆಳಗಾದರೆ ಅವನೇ ಎದುರಿಗೆ. ಅವನು ಊದುತ್ತಿದ್ದ, ಅವಳು ಅಂಕಿ ನೋಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ದ್ವೇಷಿಸಲು ಎಷ್ಟು ಪ್ರಯತ್ನಪಟ್ಟರೂ, ಮೇಲೆ ಗಾಳಿ ಜೋರಾದರೆ ಕಣ್ಣು ಮಾತ್ರ ಕ್ರೇನಿನ ಕಡೆಗೇ ಹೋಗುತ್ತಿತ್ತು. ಹಾಳು ಮನಸ್ಸು, ಹೇಳಿದ ಮಾತು ಎಲ್ಲಿ ಕೇಳುತ್ತದೆ?

ವಾರಗಳು ಕಳೆದವು. ಒಂದು ಸಂಜೆ ಅವನು ರಿಪೋರ್ಟ್ ಹಿಡಿದು ಅವಳ ಮನೆ ಬಾಗಿಲಿಗೆ ಬಂದ. ಎರಡನೇ ಪರೀಕ್ಷೆಯಲ್ಲೂ ಸೋಂಕು ಇರಲಿಲ್ಲ.

"ರಿಪೋರ್ಟ್ ಸರಿ ಇದ್ರೆ ಮನುಷ್ಯ ಸರಿ ಅಂತಲ್ಲಪ್ಪ," ಎಂದು ಅಕ್ಕ ಮುಖಕ್ಕೆ ಹೊಡೆದಂತೆ ಹೇಳಿ ಒಳಗೆ ಹೋದಳು.

"ಅಕ್ಕ ಹೇಳಿದ್ದು ನಿಜ," ಎಂದ ಅವನು. "ಮೀಟರ್ ಇದೆಯಾ?"

ಅವಳು ಬ್ಯಾಗಿನಿಂದ ತೆಗೆದು ಹಿಡಿದಳು. ಅವನು ಊದಿದ. ಸೊನ್ನೆ.

"ಇದು ಎಣ್ಣೆ ಮಾತಲ್ಲ ಅಂತ ನಿನಗೆ ಗೊತ್ತಾಗ್ಲಿ. ನಿನ್ನ ತುಂಬಾ ಪ್ರೀತಿಸ್ತೀನಿ. ಕ್ಷಮಿಸು ಅನ್ನೋ ಯೋಗ್ಯತೆ ಇಲ್ಲ, ಕಾಯ್ತೀನಿ."

ಅವಳ ಕಣ್ಣು ತುಂಬಿತು. ಸಿಟ್ಟು ಹೋಗಿರಲಿಲ್ಲ. ಪ್ರೀತಿಯೂ ಹೋಗಿರಲಿಲ್ಲ.

"ಮದುವೆ ಈಗಲೇ ಬೇಡ."

"ಸರಿ."

"ಮತ್ತೆ ನಂಬೋಕೆ ಎಷ್ಟು ದಿನ ಬೇಕೋ ನನಗೇ ಗೊತ್ತಿಲ್ಲ."

"ಆಗಲಿ... ಎಷ್ಟಾದ್ರೂ ಆಗಲಿ."

ಅವಳು ಕೈ ಚಾಚಿದಳು. ಅವನು ಹೆದರಿ ನೋಡುತ್ತಲೇ ನಿಂತ.

"ಹಿಡ್ಕೋ," ಎಂದಳು ಅವಳು. "ಕೈ ಹಿಡಿದ್ರೆ ಏನೂ ಅಂಟಲ್ಲ ಅಂತ ಡಾಕ್ಟರ್ ಹೇಳಿದಾರಲ್ಲ."