ವಿದೇಶಿ ಶಾಖೆಯ ಕೆಂಪು ದೀಪ

"ಮಾಡದ ತಪ್ಪಿಗೆ ನನ್ನನ್ನ ಮನೆಗೆ ಕಳಿಸಿದ್ದಾರಮ್ಮ," ಎಂದು ಬ್ಯಾಂಕಿನ ವಿದೇಶ ವಿಭಾಗದ ಮುಖ್ಯಸ್ಥೆ ಕುರ್ಚಿಯ ತುದಿಯಲ್ಲಿ ಕುಳಿತಳು.

ಅತ್ತಿಗೆ ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಅದೇ ಬ್ಯಾಂಕಿನಲ್ಲಿ ಲೆಕ್ಕಪರಿಶೋಧಕಿಯಾಗಿ ನಿವೃತ್ತರಾದ ಅವರನ್ನು ಗಂಟುಬಿದ್ದ ವಿಷಯಗಳಿಗೆ ಈಗಲೂ ಕರೆಯುತ್ತಿದ್ದರು. ಕಾರು ಓಡಿಸಿಕೊಂಡು ಜೊತೆಗೆ ಹೋಗುತ್ತಿದ್ದವನು ಮೈದುನ. ಪ್ರತಿಸಲವೂ ತಪ್ಪು ಮನುಷ್ಯನ ಮೇಲೆ ಅನುಮಾನಪಡುವುದರಲ್ಲಿ ಅವನದು ಎತ್ತಿದ ಕೈ.

ಪ್ರಧಾನ ಕಚೇರಿಯ ಪರದೆಯ ಮೇಲೆ ಪ್ರತಿ ವಿದೇಶಿ ಶಾಖೆಗೂ ಒಂದು ದೀಪ. ಶಾಖೆ ಕಳಿಸಿದ ಸುದ್ದಿ ನೋಡಿ ಕಂಪ್ಯೂಟರೇ ಬಣ್ಣ ಕೊಡುತ್ತಿತ್ತು. ಸೋಮವಾರ ಬಂದರು ಊರಿನ ಶಾಖೆಯ ದೀಪ ಕೆಂಪಾಯಿತು: ದೊಡ್ಡ ಗಿರಾಕಿಯಾದ ಹಡಗು ಕಂಪನಿ ದಿವಾಳಿ. ಆಡಳಿತ ಮಂಡಳಿ ಅಂದೇ ಶಾಖೆ ಮುಚ್ಚಲು ಆದೇಶಿಸಿತು. ಮರುದಿನ, ಇಂಥ ಸುದ್ದಿ ಕಳಿಸಿಯೇ ಇಲ್ಲವೆಂದು ಶಾಖೆಯವರು ಬೊಬ್ಬೆಯಿಟ್ಟರು. ಹುಡುಕಿದಾಗ ಅದು ಪ್ರಧಾನ ಕಚೇರಿಯಿಂದ, ಮುಖ್ಯಸ್ಥೆಯ ಪಾಸ್‌ವರ್ಡಿನಲ್ಲಿ ಸೇರಿತ್ತು. ಅಷ್ಟರಲ್ಲಿ ಶಾಖೆಯ ನೌಕರರು ಸಾಮಾನು ಕಟ್ಟತೊಡಗಿದ್ದರು.

"ಆ ದಿನ ನೀವೆಲ್ಲಿದ್ರಿ?" ಎಂದರು ಅತ್ತಿಗೆ.

"ಅಮ್ಮನ ಕಣ್ಣಿನ ಆಪರೇಷನ್ನು. ಆ ದೇಶದ ಹಬ್ಬ ಅಂತ ಶಾಖೆಗೂ ಅವತ್ತು ರಜ, ನನಗೆ ಕೆಲಸ ಕಮ್ಮಿ ಅಂತ ಅದೇ ದಿನ ಇಟ್ಟುಕೊಂಡೆ."

ರಜೆಯಲ್ಲಿದ್ದವರ ಪಾಸ್‌ವರ್ಡ್ ಇಬ್ಬರಿಗೆ ಸಿಗುತ್ತಿತ್ತು. ಪ್ರಧಾನ ಕಚೇರಿಯಲ್ಲಿ ಅತ್ತಿಗೆ ವಿಚಾರಿಸಿದಾಗ ಕಂಪ್ಯೂಟರ್ ವಿಭಾಗದ ಮ್ಯಾನೇಜರ್ ಬೆವರೊರೆಸಿಕೊಂಡ. "ನಾನು ಇಲ್ಲಿಂದ್ಲೇ ಆ ಶಾಖೆಯ ಯಂತ್ರಗಳ ರಿಪೇರಿಲಿ ಮುಳುಗಿದ್ದೆ ಮೇಡಂ. ರಜ ದಿನ ಬಿಟ್ರೆ ಅವರು ಯಂತ್ರ ಮುಟ್ಟೋಕೇ ಬಿಡಲ್ಲ."

ಇನ್ನೊಬ್ಬರಾದ ಉಪ ಮಹಾಪ್ರಬಂಧಕರು ಮಾತ್ರ ನಿರಾಳವಾಗಿದ್ದರು. "ನಾನು ಪರದೆ ನೋಡಿ ನಂಬೋನಲ್ಲ. ಸೋಮವಾರ ಬೆಳಿಗ್ಗೆ ನಾನೇ ಶಾಖೆಗೆ ಫೋನ್ ಮಾಡ್ದೆ. ಕೌಂಟರಿನ ಗುಮಾಸ್ತ ತೆಗೆದ. ಹಿಂದೆ ಗಿರಾಕಿಗಳ ಗಲಾಟೆ. ಸುದ್ದಿ ನಿಜ ಅಂದ. ಮಂಡಳಿಗೂ ಅದನ್ನೇ ಹೇಳಿದೆ."

"ಅತ್ತಿಗೆ, ಆ ಮ್ಯಾನೇಜರ್ರೇ," ಎಂದು ಮೈದುನ ಕಾರಿನಲ್ಲಿ ಪಿಸುಗುಟ್ಟಿದ. "ಎಷ್ಟು ಬೆವರ್ತಿದ್ದ!"

"ಕೋಣೇಲಿ ಸೆಕೆ ಇತ್ತಪ್ಪ," ಎಂದರು ಅತ್ತಿಗೆ.

ಮರುದಿನ ಮಂಡಳಿಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಅತ್ತಿಗೆ ನಿಂತೇ ಮಾತಾಡಿದರು.

"ಸೋಮವಾರ ಶಾಖೆ ಮುಚ್ಚಿತ್ತು. ಮುಖ್ಯಸ್ಥೆಗೆ ಅದು ಗೊತ್ತಿತ್ತು, ಆಪರೇಷನ್ ಅದೇ ದಿನ ಇಟ್ಟುಕೊಂಡ್ರು. ಮ್ಯಾನೇಜರಿಗೂ ಗೊತ್ತಿತ್ತು, ರಿಪೇರಿ ಅದೇ ದಿನ ಮಾಡಿದ. ಮುಚ್ಚಿದ ಶಾಖೆಯಿಂದ ಸುದ್ದಿ ಬರಲ್ಲ ಅಂತ ಗೊತ್ತಿದ್ದ ಇವರಿಬ್ಬರೂ ಸುಳ್ಳು ಸುದ್ದಿ ಸೇರಿಸೋದಾದ್ರೆ ಬೇರೆ ದಿನ ಆರಿಸ್ತಿದ್ರು. ರಜ ಅಂತ ಗೊತ್ತಿಲ್ಲದವರು ಒಬ್ಬರೇ." ಅವರು ಉಪ ಮಹಾಪ್ರಬಂಧಕರತ್ತ ತಿರುಗಿದರು. "ಬೀಗ ಹಾಕಿದ ಶಾಖೇಲಿ ನಿಮ್ಮ ಫೋನ್ ತೆಗೆದೋರು ಯಾರು ಸಾರ್? ಗಲಾಟೆ ಮಾಡಿದ ಗಿರಾಕಿಗಳು ಎಲ್ಲಿಂದ ಬಂದ್ರು?"

ಉಪ ಮಹಾಪ್ರಬಂಧಕರು ಕುರ್ಚಿ ಹಿಂದಕ್ಕೆ ತಳ್ಳಿದರು: "ಆ ಶಾಖೆ ಬೇಡ ಅಂತ ಮೊದಲ ದಿನದಿಂದ ಹೇಳ್ತಿದ್ದೆ. ಒಬ್ಬರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಪರದೆ ಹೇಳಿದ್ರೆ ಕೇಳ್ತೀರಿ ಅಂತ ಗೊತ್ತಿತ್ತು."

ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು. "ಇನ್ಮುಂದೆ ಕಂಪ್ಯೂಟರ್ ಇಂಥದ್ದನ್ನ ಹಿಡಿಯೋ ಹಾಗೆ ಮಾಡಬಹುದಾ?"

"ಮಾಡಬಹುದು. ಆದ್ರೆ ಅವತ್ತು ನಿಮ್ಮಲ್ಲಿ ಒಬ್ಬರು ಶಾಖೆಗೆ ಫೋನ್ ಮಾಡಿದ್ರೂ ಸಾಕಿತ್ತು."

ಆದೇಶ ರದ್ದಾಯಿತು. ಅದನ್ನು ಕಂಪ್ಯೂಟರಿಗೆ ಏರಿಸಲು ಮ್ಯಾನೇಜರ್ ಎದ್ದ; ಮುಖ್ಯಸ್ಥೆ ಕಾಯಲಿಲ್ಲ. ಮೇಜಿನ ಮೇಲಿನ ಫೋನನ್ನು ಎಳೆದುಕೊಂಡು ಶಾಖೆಯ ನಂಬರು ಒತ್ತಿದಳು.

"ನಾನೇ ಮಾತಾಡ್ತಿರೋದು," ಎಂದಳು. "ಕಟ್ಟಿದ ಸಾಮಾನು ಬಿಚ್ಚಿಬಿಡಿ."